ಅಂಬಲಿಯೊಳಗಿನ ಕೆಂಪು ಕಡ್ಡಿಗಳು

ದೆವ್ವ, ಶಕುನ, ಕಣಿ ಯಾವುದನ್ನೂ ನಾನು ನಂಬಿದವನಲ್ಲ. ನಂಬುವುದಾದರೂ ಹೇಗೆ? ಬೀದರಿನ ಅರ್ಧ ದೆವ್ವಗಳನ್ನು ಬಿಳಿ ಧೋತರ ಹೊದ್ದು ಹುಟ್ಟಿಸಿದವನೇ ನಾನು. ಅದಕ್ಕೇ ಈ ಸಂಗತಿ ಹೇಳಿದರೆ ನನ್ನ ಮನೆಯವರೂ ನಗುತ್ತಾರೆ. ನೀವೂ ನಗಿ, ಆದರೆ ಪೂರ್ತಿ ಕೇಳಿ.

ನಲವತ್ತೆಂಟರಲ್ಲಿ ನಿಜಾಮನ ಮೇಲೆ ನಡೆದ ಪೊಲೀಸ್ ಆ್ಯಕ್ಷನ್ ಮುಗಿದು ಕೆಲವೇ ವಾರಗಳಾಗಿದ್ದವು. ಬೀದರಿನ ಒಂದು ದವಾಖಾನೆಯಲ್ಲಿ ಕಫ ಪರೀಕ್ಷೆಯ ಕೋಣೆ ನನ್ನದು. ರೋಗಿಗಳ ಕಫವನ್ನು ಗಾಜಿನ ಪಟ್ಟಿಗೆ ಸವರಿ, ದೀಪಕ್ಕೆ ಹಿಡಿದು, ಬಣ್ಣ ಹಾಕಿ ಕೊಡುತ್ತಿದ್ದೆ. ಕಿಟಕಿಯ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡುವವರು ಡಾಕ್ಟರ್ ಹಮೀದ್ ಸಾಹೇಬರು. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿ ಕಂಡರೆ ಕ್ಷಯ. ತಮ್ಮ ಕಣ್ಣು ಎಂದೂ ತಪ್ಪಿಲ್ಲವೆಂದು ಸಾಹೇಬರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನನ್ನಂಥವನ ಮುಂದೆ ಹಾಗೆ ಹೇಳಬಾರದಿತ್ತು.

ಒಂದು ಬೆಳಿಗ್ಗೆ ನನ್ನ ಬುತ್ತಿಯ ಜೋಳದ ಅಂಬಲಿಯನ್ನೇ ಗಾಜಿಗೆ ಸವರಿದೆ. ರಿಜಿಸ್ಟರಿನಲ್ಲಿ ಬಾಯಿಗೆ ಬಂದ ಹೆಸರು ಬರೆದೆ: ಹಣಮಂತ, ತಂದೆ ತುಕಾರಾಮ, ಠಾಣಾ ಕುಶನೂರ. ಆ ಊರನ್ನು ನಾನು ಕಂಡವನೇ ಅಲ್ಲ.

ಸಾಹೇಬರು ನೋಡಿ 'ಕ್ಷಯ ಇದೆ' ಎಂದು ಬರೆದರು. ನಗು ತಡೆಯಲು ಹೆಗಲ ವಸ್ತ್ರ ಬಾಯಿಗೆ ತುರುಕಿಕೊಂಡೆ. ಅವರು ಎದ್ದು ಹೋದ ಮೇಲೆ ನಾನೂ ಇಣುಕಿದೆ. ನಗು ನಿಂತಿತು. ಕೆಂಪು ಕಡ್ಡಿಗಳಿದ್ದವು, ಒಂದೆರಡಲ್ಲ.

ಹೈದರಾಬಾದಿನಿಂದ ಸಾಮಾನು ಬಾರದೆ ಹಳೆಯ ಗಾಜುಗಳನ್ನೇ ತೊಳೆದು ಬಳಸುತ್ತಿದ್ದೆವು. ಸರಿಯಾಗಿ ತೊಳೆದಿಲ್ಲ ಅಂದುಕೊಂಡೆ. ಆದರೂ ಆ ದಿನವೆಲ್ಲ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಮಧ್ಯಾಹ್ನ ಒಬ್ಬ ರೈತ ಬಾಗಿಲಿಗೆ ಬಂದ.

"ಹೋದ ವಾರ ಬಂಡಿಯವನ ಕೈಯಾಗ ಕಫದ ಡಬ್ಬಿ ಕಳಿಸಿದ್ನರಿ. ಹಣಮಂತ ಅಂತ್ರಿ, ಅಪ್ಪಂದು ತುಕಾರಾಮ. ಠಾಣಾ ಕುಶನೂರರಿ."

ಅಂಥ ಡಬ್ಬಿ ನಮಗೆ ಬಂದೇ ಇರಲಿಲ್ಲ. ಬಂದಿಲ್ಲ ಎಂದಿದ್ದರೆ ಅವನು ಹಾಗೇ ಹೊರಟುಬಿಡುತ್ತಿದ್ದ. ಬಂಡಿ ಗೇಟಿನ ಬಳಿ ಕಾಯುತ್ತಿತ್ತು. ಆದರೆ ಸಾಹೇಬರು ರಿಜಿಸ್ಟರ್ ತೆರೆದು 'ಕ್ಷಯ ಇದೆ' ಎಂದು ಓದಿಬಿಟ್ಟರು. ನಾನು ಅವನ ಕೈ ಹಿಡಿದು ಎಳೆದು ತಂದು ಹೊಸದಾಗಿ ಕಫ ತೆಗೆಸಿದೆ. ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಹೊಸ ಗಾಜಿನ ಮೇಲೆ ಸವರಿದೆ. ಕೆಂಪು ಕಡ್ಡಿ ಇಲ್ಲದಿರಲಿ ಎಂದು ಬೇಡಿಕೊಂಡೆ. ಇದ್ದವು.

ಹಣಮಂತ ಗೇಟಿನ ಬಳಿಯ ಬಂಡಿಯತ್ತ ನೋಡಿದ. "ಮಗಳು ಬಾಣಂತನಕ್ಕ ಬಂದಾಳ್ರಿ. ಕೂಸಿಗಿ ಇನ್ನಾ ಎತ್ಕೊಂಡಿಲ್ಲ. ಇವತ್ತ ಹೋಗಿ ಎತ್ಕೋಬೇಕಂತಿದ್ದೆ. ಎತ್ಕೋಬೌದೇನ್ರಿ?"

"ಬ್ಯಾಡ," ಅಂದೆ. ಜೀವಮಾನದಲ್ಲಿ ನಾನು ಚೇಷ್ಟೆ ಸೇರಿಸದೆ ಆಡಿದ ಮಾತು ಅದೊಂದೇ ಇರಬೇಕು.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದ, ಕೂಸು ಅಲ್ಲೇ ಎದುರಿಗಿದೆಯೇನೋ ಎಂಬಂತೆ.

ಸಾಹೇಬರ ಮುಂದೆ ಎಲ್ಲ ಒಪ್ಪಿಕೊಂಡೆ. "ನಿನ್ನ ಮಜಾಕ್ ಸಾಕ್ ಮಾಡೋ. ಅಂಬಲಿ ಕೆಮ್ಮತದೇನು?" ಎಂದು ತಲೆಯೆತ್ತದೆ ಕೇಳಿದರು.

ಗಾಜು ಕೊಳೆಯಾಗಿತ್ತು ಅನ್ನೋಣ. ಹೆಸರು? ಅವರಪ್ಪನ ಹೆಸರು? ಊರು? ಆಮೇಲೆ ಅಂಥದೇ ಅಂಬಲಿಯನ್ನು ಎಷ್ಟೋ ಸಲ ಸವರಿ ನೋಡಿದೆ, ಬರೀ ನೀಲಿ. ಈಗಲೂ ಊಟಕ್ಕೆ ಅಂಬಲಿ ಬಡಿಸಿದರೆ ಮೊದಲು ಬೆಳಕಿಗೆ ಹಿಡಿದು ನೋಡುತ್ತೇನೆ. ಮುದುಕನ ಹೊಸ ಚೇಷ್ಟೆ ಅಂತ ಸೊಸೆ ನಗುತ್ತಾಳೆ.