ಏನು ಬರೆದಿದೆ ಅಷ್ಟೇ ಹೇಳು

ದುರ್ಗಾಂಬಿಕಾ ಅನ್ನೋ ಹುಡುಗಿ ನನ್ನ ತಲೆ ತಿಂದಷ್ಟು ಹದಿನಾಲ್ಕು ವರ್ಷದ ನೌಕರಿಯಲ್ಲಿ ಇನ್ಯಾರೂ ತಿಂದಿಲ್ಲ. ಚನ್ನಗಿರಿಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡ್ತೀನಿ. ಕೊನೇ ವರ್ಷದ ಬಿ.ಕಾಂ. ಮಕ್ಕಳನ್ನು ಪ್ಲೇಸ್‌ಮೆಂಟ್ ಪರೀಕ್ಷೆಗೆ ತಯಾರು ಮಾಡೋ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಈ ವರ್ಷ ನಮ್ಮಲ್ಲಿಗೆ ಬರಲು ಒಪ್ಪಿದ್ದು ಒಂದೇ ಒಂದು ಕಂಪನಿ, ದಾವಣಗೆರೆಯಲ್ಲಿ ಆಫೀಸು ಇರೋ ಇನ್ಶೂರೆನ್ಸ್‌ನವರು. ದುರ್ಗಾಂಬಿಕಾಗೆ ಆ ಕೆಲಸ ಬೇಕೇ ಬೇಕಿತ್ತು. ಕೆರೆಬಿಳಚಿಯ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು. ಅಪ್ಪ ಇಲ್ಲ. ಜಗಳೂರು ಕಡೆಯಿಂದ ಬಂದು ನೆಲೆಸಿದ ತಾಯಿ ಗಾದ್ರಮ್ಮ ಅಡಿಕೆ ಸುಲಿದು ಸುಲಿದು ಹೆಬ್ಬೆರಳು ಮಡಚಲಾಗದ ಹಾಗೆ ಮಾಡಿಕೊಂಡಿದ್ದಾರೆ. ಮಗಳು ದುಡಿದರೆ ಮುಂದಿನ ಸುಗ್ಗಿಗೆ ಅವರು ಕತ್ತಿ ಹಿಡಿಯಬೇಕಿಲ್ಲ. ಇದನ್ನು ಹುಡುಗಿಯೇ ನನಗೆ ಹೇಳಿದ್ದಳು, ಅದೂ ಒಂದೇ ಸಲ.

ಲೆಕ್ಕ ಚೆನ್ನಾಗಿ ಮಾಡ್ತಾಳೆ. ಇಂಗ್ಲಿಷೂ ಪರವಾಗಿಲ್ಲ. ಪ್ಯಾಸೇಜ್ ಕೊಟ್ಟರೆ ಮಾತ್ರ ಮುಗೀತು ಕಥೆ. ಅರ್ಧ ಪುಟ ಓದಿ, ಕೆಳಗಿನ ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುರುತು ಹಾಕೋದು, ಅಷ್ಟೇ ಕೆಲಸ. ಒಬ್ಬ ಮುದುಕ ಬಸ್ಸು ತಪ್ಪಿಸಿಕೊಂಡ, ಯಾಕೆ ಅಂತ ಕೇಳಿದ್ದರು. ಬಸ್ಸು ಹೊತ್ತಿಗೆ ಮುಂಚೆ ಹೊರಟುಬಿಟ್ಟಿತ್ತು ಅಂತ ಪ್ಯಾಸೇಜಿನಲ್ಲೇ ಇತ್ತು. ಇವಳು ಗುರುತು ಹಾಕಿದ್ದು, ಮುದುಕ ಅರ್ಧ ಗಂಟೆ ಮೊದಲೇ ಬರಬೇಕಿತ್ತು ಅನ್ನೋದಕ್ಕೆ. ಕಾಲುವೆ ಮೇಲೆ ಮನೆ ಕಟ್ಟಿದ್ದರಿಂದ ಕೆರೆ ಬತ್ತಿತು ಅಂತ ಇನ್ನೊಂದು. ಲೇಖಕರು ಹೇಳುವ ಕಾರಣವೇನು ಅಂದರೆ ಇವಳ ಉತ್ತರ, ಊರವರು ಸೇರಿ ಅರ್ಜಿ ಕೊಡಬೇಕು. ಹತ್ತಕ್ಕೆ ಮೂರು. ಮರುವಾರವೂ ಮೂರು. ಅದರ ಮರುವಾರ ಎರಡು! ನಾನು ಹಣೆ ಹಣೆ ಚಚ್ಚಿಕೊಂಡೆ. ಏನು ಬರೆದಿದೆ ಅಷ್ಟೇ ಹೇಳು ತಾಯಿ, ನಿನ್ನ ಬುದ್ಧಿವಾದ ಯಾರು ಕೇಳಿದರು ಅಂತ ಇಡೀ ಕ್ಲಾಸಿನ ಮುಂದೆ ಬೈದೆ. ತಲೆ ತಗ್ಗಿಸಿ ಹೂಂ ಅಂದಳು. ಮಾರನೇ ದಿನ ಮತ್ತೆ ಅದೇ ರಾಗ.

ಪರೀಕ್ಷೆಗೆ ಒಂದು ತಿಂಗಳು ಇರುವಾಗ ಒಂದು ಭಾನುವಾರ ಸಂತೇಬೆನ್ನೂರಿನ ನನ್ನ ತವರಿಗೆ ಹೊರಟಿದ್ದೆ. ಅಭ್ಯಾಸದ ಪುಸ್ತಕವೊಂದನ್ನು ಇವಳಿಗೆ ಕೊಟ್ಟು ಹೋಗೋಣ ಅಂತ ಕೆರೆಬಿಳಚಿಯಲ್ಲಿ ಇಳಿದೆ. ಅವರ ಮನೆ ಜಗಲಿ ಮೇಲೆ ಏಳೆಂಟು ಜನ ಕೂತಿದ್ದರು, ಎಲ್ಲರ ಕೈಯಲ್ಲೂ ಒಂದೊಂದು ಕಾಗದ. ಬ್ಯಾಂಕಿನದು, ಆಸ್ಪತ್ರೆಯದು, ಕರೆಂಟಿನವರದು. ಐದನೇ ಕ್ಲಾಸಿನಿಂದಲೂ ಆ ಕೇರಿಯ ಕಾಗದವನ್ನೆಲ್ಲ ನೋಡಿಕೊಡುವವಳು ಇವಳೇ ಅಂತೆ. ಸಣ್ಣತಿಮ್ಮಪ್ಪ ಅನ್ನೋ ಮುದುಕರು ಕರೆಂಟಿನವರ ನೋಟಿಸ್ ಕೊಟ್ಟರು. ಇವಳು ಮನಸ್ಸಿನಲ್ಲೇ ಓದಿಕೊಂಡಳು, ಮಡಚಿ ಅವರ ಜೇಬಿಗೆ ಇಟ್ಟಳು, ಸೋಮವಾರ ಹತ್ತು ಗಂಟೆಗೆ ಹಳೇ ರಸೀದಿ ತಗೊಂಡು ಹೋಗಿ ಮೀಟರ್ ಬದಲಾಯಿಸಾಕೆ ಹೇಳ್ರಿ ಅಂದಳು. ಅವರು ಎದ್ದು ಹೋದರು. ನೋಟಿಸಿನಲ್ಲಿ ಇದ್ದ ಒಂದಕ್ಷರವನ್ನೂ ಅವರಿಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ.

“ಏನೈತೆ ಅಂತ ತಿಳ್ಕೊಂಡು ತಾತ ಏನ್ ಮಾಡ್ತಾರೆ ಮೇಡಂ? ಏನ್ ಮಾಡಬೇಕು ಅಂತ ಕೇಳಾಕೆ ತಾನೇ ಬರೋದು?”

ಹತ್ತು ವರ್ಷದ ಅಭ್ಯಾಸ ಇದು, ಬಿಡಿಸೋಕೆ ನನಗೆ ಇದ್ದದ್ದು ಒಂದು ತಿಂಗಳು. ಅಲ್ಲೇ ಕಟ್ಟಪ್ಪಣೆ ಮಾಡಿದೆ. ಪರೀಕ್ಷೆ ಮುಗಿಯೋವರೆಗೂ ಯಾರ ಕಾಗದ ಬಂದರೂ ಅದರಲ್ಲಿ ಇರೋದನ್ನಷ್ಟೇ ಹೇಳಬೇಕು, ತನ್ನ ಮಾತು ಒಂದನ್ನೂ ಸೇರಿಸಕೂಡದು. ಇದರಿಂದ ನನಗೆ ಬಂದ ಬೈಗುಳ ಅಷ್ಟಿಷ್ಟಲ್ಲ. ಸಣ್ಣತಿಮ್ಮಪ್ಪನವರು ಇನ್ನೊಂದು ಕಾಗದ ತಂದಾಗ ಇವಳು ಅದನ್ನು ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿ ಹೇಳಿ, ಅಷ್ಟಕ್ಕೇ ನಿಲ್ಲಿಸಿದಳಂತೆ. ಇಷ್ಟಕ್ಕಾ ಕಾಲೇಜಿಗೆ ಹೋಗಿದ್ದು ಅಂತ ಅವರು ರೇಗಿ ಹೊರಟೇ ಹೋದರಂತೆ. ಗಾದ್ರಮ್ಮ ಕಾಲೇಜಿಗೇ ಬಂದು, ನಾಲ್ಕು ಜನಕ್ಕೆ ಬೇಕಾಗಿದ್ದ ಹುಡುಗೀನ ಕಲ್ಲು ಮಾಡಿಬಿಟ್ರಿ ಅಂತ ಸ್ಟಾಫ್ ರೂಮಿನಲ್ಲಿ ನನ್ನ ಬೆವರಿಳಿಸಿದರು. ಸಾಕಪ್ಪಾ ಸಾಕು ಇವರ ಸಹವಾಸ ಅನ್ನಿಸಿತು. ಆದರೆ ಅಂಕ ಏರುತ್ತಿತ್ತು. ಐದು, ಏಳು, ಪರೀಕ್ಷೆಯ ಹಿಂದಿನ ವಾರ ಎಂಟು.

ಪರೀಕ್ಷೆ ಆಯಿತು. ಮೂವರು ಆಯ್ಕೆಯಾದರು, ದುರ್ಗಾಂಬಿಕಾ ಜೊತೆಗೆ ಅವಳ ಕ್ಲಾಸಿನ ಮಾರುತೇಶ್ ಮತ್ತು ಚೈತ್ರಶ್ರೀ. ಸಂಜೆ ನಾಲ್ಕಕ್ಕೆ ಕಂಪನಿಯ ವಿನಯ್ ಕುಮಾರ್ ಅನ್ನುವವರು ಮೂವರ ಮುಂದೆಯೂ ಮೂರು ಪುಟದ ಇಂಗ್ಲಿಷ್ ಪತ್ರ ಇಟ್ಟು, ಬೇಗ ಸಹಿ ಮಾಡಿ, ನಾನು ಹೊರಡಬೇಕು ಅಂದರು. ನನಗೋ ಖುಷಿ ತಡೆಯಲಾಗದು. ಮೊದಲ ಪುಟದಲ್ಲಿ ಅವಳ ಹೆಸರು, ಸಂಬಳ, ದಾವಣಗೆರೆ ಎಲ್ಲ ಕಣ್ಣಿಗೆ ಬಿತ್ತು. ಪೆನ್ನು ಅವಳ ಕೈಗಿಟ್ಟು ಸಹಿ ಹಾಕು ಅಂದೆ. ಹಾಕಲಿಲ್ಲ. ಕೂತು ಓದತೊಡಗಿದಳು. ಮಾರುತೇಶನ ಸಹಿ ಆಗಲೇ ಮುಗಿದಿತ್ತು. ವಿನಯ್ ಕುಮಾರ್ ಎರಡು ಸಲ ಗಡಿಯಾರ ನೋಡಿದರು. ಕೈಗೆ ಬಂದ ಕೆಲಸ ಕಳೆದುಕೊಳ್ತಾಳಲ್ಲ ಅಂತ ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೇನು ನೋಡ್ತೀಯ, ಹಾಕಮ್ಮ ಅಂತ ಗದರಿದೆ.

“ಏನು ಬರೆದೈತೆ ಅಷ್ಟೇ ಹೇಳ್ತೀನಿ ಮೇಡಂ,” ಅಂದಳು. “ಮೂರನೇ ಪುಟ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮೂರು ವರ್ಷ ಕಂಪನಿ ಹತ್ರ ಇರತೈತೆ. ಯಾವ ಊರಿಗೆ ಹಾಕಿದ್ರೂ ಹೋಗಬೇಕು. ನಡುವೆ ಕೆಲಸ ಬಿಟ್ರೆ ಕಾರ್ಡ್ ವಾಪಸ್ ಕೊಡೋದು ಅವರ ಇಷ್ಟ.”

ಪತ್ರ ಕಿತ್ತುಕೊಂಡು ನೋಡಿದೆ. ಸಣ್ಣ ಅಕ್ಷರದಲ್ಲಿ ಅವಳು ಹೇಳಿದಷ್ಟೇ ಇತ್ತು, ಹೆಚ್ಚಿಲ್ಲ, ಕಡಿಮೆ ಇಲ್ಲ. ಚೈತ್ರಶ್ರೀ ಪೆನ್ನಿನ ಮುಚ್ಚಳ ಹಾಕಿದಳು. ದುರ್ಗಾಂಬಿಕಾ ನನ್ನ ಮುಖವನ್ನೇ ನೋಡುತ್ತಾ ಕೂತಳು. ನನ್ನ ಅಪ್ಪಣೆಗೆ ಕಾಯ್ತಿದ್ದಾಳೆ ಅಂತ ತಿಳಿಯೋಕೆ ಒಂದು ನಿಮಿಷ ಹಿಡಿಯಿತು.

“ಏನು ಮಾಡಬೇಕು, ಅದನ್ನೂ ಹೇಳು,” ಅಂದೆ.

ವಿನಯ್ ಕುಮಾರ್ ಕಡೆಗೇ ತಿರುಗಿ ಹೇಳಿದಳು ನೋಡಿ. ಜೆರಾಕ್ಸ್ ಇಟ್ಕೊಳ್ರಿ, ಒರಿಜಿನಲ್ ನೋಡಿ ವಾಪಸ್ ಕೊಡ್ರಿ, ಆ ಸಾಲುಗಳನ್ನ ಹೊಡೆದು ಹಾಕಿ ಪಕ್ಕದಾಗೆ ನಿಮ್ಮ ಸಹಿ ಮಾಡ್ರಿ, ಮೂರೂ ಪತ್ರದಾಗೆ, ಮಾರುತೇಶಂದೂ ಸೇರಿ ಅಂತ. ವಿನಯ್ ಕುಮಾರ್ ಗೊಣಗುತ್ತಾ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದರು. ಆ ಹತ್ತು ನಿಮಿಷ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ವಾಪಸ್ ಬಂದವರು ಮೂರರಲ್ಲೂ ಗೀಟು ಎಳೆದು ಸಹಿ ಮಾಡಿದರು. ದುರ್ಗಾಂಬಿಕಾ ಇನ್ನೊಮ್ಮೆ ಮೊದಲಿನಿಂದ ಓದಿ, ಆಮೇಲೆ ತನ್ನ ಸಹಿ ಹಾಕಿದಳು.

ಈಗ ದಿನಾ ದಾವಣಗೆರೆ ಬಸ್ಸು ಹತ್ತುತ್ತಾಳೆ. ಭಾನುವಾರ ಜಗಲಿ ಮತ್ತೆ ತುಂಬುತ್ತದಂತೆ, ಈಗ ಏನಿದೆ ಅನ್ನೋದನ್ನು ಮೊದಲು ಹೇಳಿ, ಏನು ಮಾಡಬೇಕು ಅನ್ನೋದನ್ನು ಆಮೇಲೆ ಹೇಳ್ತಾಳಂತೆ. ತಿಂಗಳುಗಟ್ಟಲೆ ಅವಳಿಗೆ ಓದೋದು ಕಲಿಸಿದವಳು ನಾನು. ಓದದೆ ಸಹಿ ಹಾಕು ಅಂದವಳೂ ನಾನೇ. ಅದನ್ನು ಇವತ್ತಿನವರೆಗೂ ಅವಳು ಒಂದು ಸಲವೂ ಎತ್ತಿ ಆಡಿಲ್ಲ, ನನಗೆ ರೇಗೋದೇ ಅದಕ್ಕೆ.