ತೇಪೆಯ ಕೈ ಮತ್ತು ಟ್ಯೂಬಿಲ್ಲದ ಚಕ್ರ

"ನನ್ನ ಕೈ ಮುಟ್ಟಿದ ಚಕ್ರದಿಂದ ಗಾಳಿ ಆಚೆ ಹೋಗ್ಬೇಕಂದ್ರೆ ಮೊದಲು ನನ್ನ ಅಪ್ಪಣೆ ಕೇಳ್ಬೇಕು" ಎಂದು ನನ್ನ ತಂಗಿಯ ಗಂಡ ಹೇಳುತ್ತಿದ್ದ. ಸುಮ್ಮನೆ ಹೇಳುತ್ತಿರಲಿಲ್ಲ, ಬಸ್ಸು ನಿಲ್ಲುವ ಜಾಗದಿಂದ ಆಸ್ಪತ್ರೆಯ ಗೇಟಿನವರೆಗೆ ಕೇಳಿಸುವಂತೆ ಹೇಳುತ್ತಿದ್ದ. ನಾನೂ ನಂಬಿದ್ದೆ. ಅವನು ಗಾಳಿ ತುಂಬಿದ ಒಂದು ಸೈಕಲ್ಲಿನ ಮಾಲೀಕ ತೀರಿಕೊಂಡು, ಮಗ ಅದನ್ನು ಗುಜರಿಗೆ ಹಾಕಿ, ಗುಜರಿಯವನು ಚಕ್ರ ಬಿಚ್ಚಿದಾಗ ಒಳಗಿನ ಗಾಳಿ ಇನ್ನೂ ಬೆಚ್ಚಗಿತ್ತಂತೆ. ಇದನ್ನು ಗುಜರಿಯವನು ನನಗೆ ಹೇಳಿದ್ದಲ್ಲ, ನಾನು ಗುಜರಿಯವನಿಗೆ ಹೇಳಿದ್ದು. ಆದರೆ ಹೇಳಿ ಹೇಳಿ ಈಗ ಅವನಿಗೂ ನೆನಪಿದೆ.

ಊರಿನವರು ಅವನನ್ನು ತೇಪೆ ಎಂದೇ ಕರೆಯುವುದು. ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿದರೆ ಏನಾಗುತ್ತದೋ ಅದೇ ಅವನ ಅಂಗಡಿ. ಸೈಕಲ್ಲು ಒಳಗೆ ಬಂದರೆ ಅವನು ಹೊರಗೆ ಕೂರಬೇಕು. ಇಬ್ಬರೂ ಒಳಗಿದ್ದರೆ ಪಂಪಿಗೆ ಹೊಡೆಯಲು ಗಾಳಿ ಉಳಿಯುವುದಿಲ್ಲ. ಪಂಕ್ಚರು ಹುಡುಕಲು ಬೋಗುಣಿಯಲ್ಲಿ ನೀರಿಟ್ಟಿದ್ದನಾದರೂ ಅದು ಗಿರಾಕಿಗಳ ಸಮಾಧಾನಕ್ಕೆ. ಅವನು ಟ್ಯೂಬನ್ನು ಕೆನ್ನೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಇಲ್ಲಿದ್ದೀಯೇನೋ ಕಳ್ಳಾ" ಎನ್ನುತ್ತಿದ್ದ. ನನ್ನ ತಂಗಿಯನ್ನು ಅವನು ಅಷ್ಟು ಪ್ರೀತಿಯಿಂದ ಮಾತಾಡಿಸಿದ್ದನ್ನು ನಾನು ಕೇಳಿಲ್ಲ. ಅವಳೂ ಕೇಳಿಲ್ಲವಂತೆ.

ಆಮೇಲೆ ಉಜ್ಜುವುದು, ಸಲ್ಯೂಷನ್ ಹಚ್ಚುವುದು, ತೇಪೆ ಒತ್ತುವುದು. ಕೊನೆಗೆ ಡಬ್ಬಿಯಿಂದ ಚಿಟಿಕೆ ಬಿಳಿ ಪೌಡರು ತೆಗೆದು, ಟ್ಯೂಬು ಟೈರಿಗೆ ಅಂಟಿಕೊಳ್ಳದಿರಲಿ ಎಂದು ಟೈರು ರಿಮ್ಮುಗಳ ಒಳಗೆಲ್ಲ ಉದುರಿಸಿ, ಬೆರಳನ್ನು ಬಲ ಮೊಣಕಾಲಿಗೆ ಒರೆಸಿಕೊಳ್ಳುವುದು. ಇದನ್ನೆಲ್ಲ ಅವನು ಮಾಡುತ್ತಿದ್ದ ಅನ್ನುವುದಕ್ಕಿಂತ ಅವನ ಕೈ ಮಾಡುತ್ತಿತ್ತು. ಅಷ್ಟು ಹೊತ್ತು ಅವನ ಬಾಯಿ ದೇಶ ಆಳುತ್ತಿತ್ತು.

ಸೈಕಲ್ಲುಗಳು ಒಂದೊಂದಾಗಿ ಸ್ಕೂಟರುಗಳಾದವು. ಕೊನೆಗೆ ಅಂಗಡಿಯನ್ನು ಉಳಿಸಿದ್ದು ಬ್ರೆಡ್ ಕಾರ್ಖಾನೆಯ ಸೈಕಲ್ಲುಗಳು ಮಾತ್ರ. ಹಿಂದೆ ದೊಡ್ಡ ಪೆಟ್ಟಿಗೆ ಹೊತ್ತು ಬೆಳಗಾಗುವುದರೊಳಗೆ ಮನೆಮನೆಗೆ ಹೋಗುವ ಆ ಸೈಕಲ್ಲುಗಳಿಗೆ ಬೀದಿಯ ಗಾಜೆಲ್ಲ ಬಂದು ಚುಚ್ಚುತ್ತಿತ್ತು. ಅವುಗಳ ಪಂಕ್ಚರೇ ತೇಪೆಯ ಊಟ.

ಒಂದು ದಿನ ಕಾರ್ಖಾನೆಯ ಸೂಪರ್‌ವೈಸರ್ ಬಂದ. ನಾನೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

"ತೇಪೆಯಣ್ಣ, ಇನ್ಮೇಲೆ ಟ್ಯೂಬ್ ಬೇಡ್ವಂತೆ. ಎಲ್ಲಾ ಗಾಡಿಗೂ ಟ್ಯೂಬ್‌ಲೆಸ್ ಮಾಡ್ಬೇಕಂತೆ. ಗಾಜು ಚುಚ್ಚಿದ್ರೂ ಒಳಗೆ ಹಾಕೋ ಬಿಳೀ ಅಂಟು, ಹಾಲು ಅಂತಾರಲ್ಲ, ಅದು ತಾನೇ ಹೋಗಿ ತೂತು ಮುಚ್ಚತ್ತಂತೆ."

"ಹಾಗಾದ್ರೆ ನಾನೇನ್ ಮಾಡ್ಲಿ? ಉಳಿದ ಹಾಲು ಕುಡಿದು ಮಲಗ್ಲಾ?"

"ನೀವೇ ಮಾಡಿಕೊಟ್ರೆ ಕೆಲಸ ನಿಮ್ಮದೇ. ಆಗಾಗ ಹಾಲು ತುಂಬೋದೂ ನಿಮ್ಮದೇ. ಆಗಲ್ಲ ಅಂದ್ರೆ ಸರ್ಕಲ್ಲಲ್ಲಿ ಗಾಜಿನ ಬಾಗಿಲಿನ ಸೈಕಲ್ ಅಂಗಡಿ ಇದೆಯಲ್ಲ, ಆ ಗಾಜಿನ ಅಂಗಡಿಗೆ ಕೊಡು ಅಂದಿದ್ದಾರೆ."

ತೇಪೆಗೆ ರೇಗಿತು. "ಅಲ್ಲಯ್ಯಾ, ಹಳೇ ರಿಮ್ಮು. ಕಡ್ಡಿ ತೂತನ್ನೆಲ್ಲ ಟೇಪ್ ಸುತ್ತಿ ಮುಚ್ಬೇಕು. ಕೈಪಂಪಲ್ಲಿ ಆ ಟೈರು ಕೂರಲ್ಲ, ಒಂದೇ ಸಲಕ್ಕೆ ಭರ್ ಅಂತ ಗಾಳಿ ನುಗ್ಗಬೇಕು. ಹಾಲು ಕೆಲವು ತಿಂಗಳಿಗೆ ಒಣಗತ್ತೆ. ಒಂದು ತೂತಿಗೆ ಹೆದರಿ ಇಷ್ಟೆಲ್ಲ ರಗಳೆ ಯಾಕೆ?"

"ರಗಳೆ ನಿಮಗಣ್ಣ. ಬ್ರೆಡ್ಡಿಗೆ ರಗಳೆ ಇಲ್ಲ" ಎಂದು ಸೂಪರ್‌ವೈಸರ್ ಹೊರಟುಹೋದ.

ಅಂದು ಸಂಜೆ ತಂಗಿ ನನ್ನನ್ನು ಅಡುಗೆಮನೆಗೆ ಕರೆದಳು. "ಅಣ್ಣ, ಇವರು ಒಪ್ಪಿಕೊಳ್ಳೋ ಹಾಗೆ ಮಾಡು. ಆ ಸೈಕಲ್ಲುಗಳು ಹೋದ್ರೆ ಅಂಗಡಿ ಹೋಯ್ತು. ಅಂಗಡಿ ಹೋದ್ರೆ ಇವರು ದಿನವಿಡೀ ಮನೇಲಿ ಕೂತಿರ್ತಾರೆ. ಬಡತನ ನೋಡಿದ್ದೀನಿ, ಅದನ್ನ ಮಾತ್ರ ನೋಡಿಲ್ಲ." ನಗುತ್ತಲೇ ಅಂದಳು. ಸೆರಗು ಮಾತ್ರ ಕಣ್ಣಿನ ಹತ್ತಿರ ಹೋಯಿತು.

ನಾನು ಹೇಳುವುದಕ್ಕೆ ಮುಂಚೆಯೇ ಅವನು ಒಪ್ಪಿಕೊಂಡಿದ್ದ. ಮೊದಲು ತಂಗಿಯ ಸೈಕಲ್ಲನ್ನೇ ಬಿಚ್ಚಿದ. ಬಾಯಿ ಮುಚ್ಚಿಕೊಂಡು, ಕಣ್ಣು ಅಗಲಿಸಿಕೊಂಡು, ಕೂಸಿಗೆ ಹೊಕ್ಕುಳಬಟ್ಟೆ ಸುತ್ತುವವನಂತೆ ರಿಮ್ಮಿಗೆ ಟೇಪು ಸುತ್ತಿದ. ಹಾಲು ಸುರಿದ. ಕಾರು ಗ್ಯಾರೇಜಿನ ಕಂಪ್ರೆಸರಿನಿಂದ ಗಾಳಿ ಹೊಡೆಸಿದಾಗ ಟೈರು 'ಟಪ್' ಎಂದು ರಿಮ್ಮಿಗೆ ಕೂತಿತು. ತಂಗಿ ವಾರಗಟ್ಟಲೆ ಓಡಾಡಿದಳು, ಚಕ್ರ ಕಲ್ಲಿನಂತಿತ್ತು.

"ನೋಡಿದ್ರಾ ಭಾವ? ಗಾಳಿ ಅಂದ್ರೆ ಗಾಳಿನೇ. ಟ್ಯೂಬಲ್ಲಿದ್ರೇನು, ಬಯಲಲ್ಲಿದ್ರೇನು, ಮಾತು ಕೇಳತ್ತೆ" ಎಂದ. ಅವನ ಎದೆ ಎಷ್ಟು ಉಬ್ಬಿತೆಂದರೆ ಅಂಗಡಿಯ ಎರಡೂ ಗೋಡೆಗಳು ಸ್ವಲ್ಪ ಸರಿದು ದಾರಿ ಬಿಟ್ಟವು.

ಕಾರ್ಖಾನೆಗೆ ರಜೆಯಿದ್ದ ದಿನ ಅಷ್ಟೂ ಸೈಕಲ್ಲುಗಳು ಬಂದವು. ಬೀದಿಯ ಆ ತುದಿಯಿಂದ ಈ ತುದಿಗೆ ಸಾಲು. ಮುಂದಿನ ಸೈಕಲ್ಲು ತಯಾರಾಗುವಷ್ಟರಲ್ಲಿ ಹಿಂದಿನದಕ್ಕೆ ತುಕ್ಕು ಹಿಡಿಯಬಹುದಿತ್ತು. ಒಂದೆರಡು ಚಕ್ರ ಮೌನವಾಗಿ ಮುಗಿದವು. ಆಮೇಲೆ ಕೆಲಸ ಕೈಗೆ ಹತ್ತಿತು, ಬಾಯಿ ಬಿಡುವಾಯಿತು. ಮಧ್ಯಾಹ್ನದೊಳಗೆ ಇಬ್ಬರು ಮಂತ್ರಿಗಳನ್ನು ಮನೆಗೆ ಕಳಿಸಿದ; ಸಂಜೆಯೊಳಗೆ ಸೈಕಲ್ಲುಗಳನ್ನು ಕಾರ್ಖಾನೆಗೆ ಕಳಿಸಿದ.

ಮರುದಿನ ಬೆಳಕು ಹರಿಯುವಾಗ ಸೂಪರ್‌ವೈಸರ್ ಮನೆ ಬಾಗಿಲು ತಟ್ಟಿದ. ನಾವು ಮೂವರೂ ಅವನ ಹಿಂದೆ ಕಾರ್ಖಾನೆಗೆ ಓಡಿದೆವು. ಅಂಗಳದ ತುಂಬ ಸೈಕಲ್ಲುಗಳು ಹೊಟ್ಟೆ ತುಂಬ ಮೇದ ಎಮ್ಮೆಗಳಂತೆ ನೆಲಕ್ಕೆ ಕುಸಿದಿದ್ದವು. ಮೊದಲು ಮಾಡಿದ ಒಂದೆರಡು ಬಿಟ್ಟರೆ ಒಂದರಲ್ಲೂ ಗಾಳಿಯಿಲ್ಲ. ಬೆನ್ನ ಮೇಲಿನ ಪೆಟ್ಟಿಗೆಗಳಲ್ಲಿ ಬಿಸಿ ಬ್ರೆಡ್ಡು ಸುಮ್ಮನೆ ಆರುತ್ತಿತ್ತು.

"ಟೇಪಿನದೇ ದೋಷ ಇರ್ಬೇಕು" ಎನ್ನುತ್ತ ತೇಪೆ ಒಂದು ಟೈರು ಎಬ್ಬಿಸಿದ. ಟೇಪು ರಿಮ್ಮಿನಿಂದ ಬಿಟ್ಟುಕೊಂಡು ಸುರುಳಿಯಾಗಿತ್ತು. ಕಡ್ಡಿ ತೂತುಗಳೆಲ್ಲ ಬಾಯಿ ತೆರೆದಿದ್ದವು. ಹಾಲು ಒಡೆದು ಗಂಟುಗಂಟಾಗಿತ್ತು.

ತಂಗಿ ಬಗ್ಗಿ ಟೇಪಿನ ಅಂಟಿಗೆ ಮೆತ್ತಿದ್ದ ಬಿಳಿ ಪುಡಿಯನ್ನು ನೋಡಿದಳು. "ರೀ, ಇದು ಪೌಡರ್ ಅಲ್ವಾ?"

"ನಾನ್ಯಾಕೆ ಹಾಕ್ಲಿ? ಟ್ಯೂಬೇ ಇಲ್ಲದ ಚಕ್ರಕ್ಕೆ ಪೌಡರ್ ಹಾಕಕ್ಕೆ ನನಗೇನು ಹುಚ್ಚಾ?"

ಅವಳು ಅವನ ಪ್ಯಾಂಟನ್ನೇ ನೋಡುತ್ತಿದ್ದಳು. ನಿನ್ನೆಯದೇ ಪ್ಯಾಂಟು. ಬಲ ಮೊಣಕಾಲಿನ ಮೇಲೆ ಬಿಳಿ ಬೆರಳ ಗುರುತುಗಳು, ಒಂದರ ಮೇಲೊಂದು, ಸುಣ್ಣ ಬಳಿದಂತೆ. ಬಾಯಿ ಮಾತಿಗಿಳಿದ ಮೇಲೆ, ಟೇಪು ಸುತ್ತುವ ಮೊದಲು ಪ್ರತಿಯೊಂದು ಚಕ್ರಕ್ಕೂ ಅವನ ಕೈ ತಪ್ಪದೆ ಪೌಡರು ಹಾಕಿತ್ತು; ಪೌಡರಿನ ಮೇಲೆ ಟೇಪು ಅಂಟುವುದು ಹೇಗೆ? ಅವನಿಗೇ ಗೊತ್ತಿರಲಿಲ್ಲ. ಅವನು ಆ ಮೊಣಕಾಲನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತ.

"ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಣ್ಣ" ಎಂದ ಸೂಪರ್‌ವೈಸರ್. "ಆದ್ರೆ ನಮ್ಮ ಯಜಮಾನರಿಗೆ ನನ್ನ ಮೇಲಿದೆ."

ಸೈಕಲ್ಲುಗಳು ಗಾಜಿನ ಅಂಗಡಿಗೆ ಹೋದವು. ಕೆಟ್ಟದಾಗಿ ಮಾಡಿದ್ದರೆ ನಮಗೆ ಒಂದಿಷ್ಟು ನೆಮ್ಮದಿಯಿರುತ್ತಿತ್ತು; ಚೆನ್ನಾಗಿಯೇ ಮಾಡಿದರು. ಈಗ ಅವು ಗಾಜು, ಮೊಳೆ ಎಲ್ಲದರ ಮೇಲೆ ಹತ್ತಿ ತೇಪೆಯ ಅಂಗಡಿ ಮುಂದೆಯೇ ಹೋಗುತ್ತವೆ. ಬ್ರೆಡ್ಡಿನ ವಾಸನೆ ಒಂದು ಕ್ಷಣ ಸಂದಿಯೊಳಗೆ ಇಣುಕಿ ಮುಂದೆ ನಡೆಯುತ್ತದೆ.

ಅಂಗಡಿ ಮುಚ್ಚಿಲ್ಲ. ತೆರೆದಿದೆ ಅನ್ನಲೂ ಆಗುವುದಿಲ್ಲ. ಅಪರೂಪಕ್ಕೆ ಯಾರಾದರೂ ಟ್ಯೂಬಿನ ಸೈಕಲ್ಲು ತಂದರೂ ಅವನು ಕೈಯನ್ನು ನೋಡುತ್ತ ಕೆಲಸ ಮಾಡುತ್ತಾನೆ, ಕಳ್ಳನನ್ನು ಕಾಯುವ ಪೊಲೀಸಿನಂತೆ. ಮಾತು ನಿಂತುಹೋಗಿದೆ. ದೇಶ ಆಳುವವರಿಲ್ಲ.

ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ನನ್ನ ಸೈಕಲ್ಲನ್ನು ಅವನ ಮುಂದೆ ನಿಲ್ಲಿಸಿದೆ. "ಏನಯ್ಯಾ, ತಪ್ಪು ಎಲ್ಲಾಯ್ತು ಅಂತ ಗೊತ್ತಾಯ್ತಲ್ಲ. ನನ್ನದಕ್ಕೆ ಟ್ಯೂಬ್‌ಲೆಸ್ ಮಾಡು. ಕೈ ತಿದ್ದಿಕೊಂಡ್ರೆ ಕಾರ್ಖಾನೆ ಮತ್ತೆ ಬರತ್ತೆ." ಊಟದ ಡಬ್ಬಿ ತಂದಿದ್ದ ತಂಗಿ ಪೌಡರಿನ ಡಬ್ಬಿಯನ್ನು ಮೆಲ್ಲಗೆ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಅವನು ಚಕ್ರ ಬಿಚ್ಚಿದ. ರಿಮ್ಮು ಒರೆಸಿದ. ನಾನು ಧೈರ್ಯ ತುಂಬಲು ಏನೇನೋ ಹೇಳುತ್ತಿದ್ದೆ. ಅವನೂ ಬಹಳ ದಿನಗಳ ಮೇಲೆ ಒಂದೆರಡು ಮಾತಾಡಿದ. ಆಗ ಅವನ ಬಲಗೈ ಡಬ್ಬಿಯಿರುತ್ತಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆದರೂ ಬೆರಳುಗಳು ಒಂದು ಚಿಟಿಕೆ ತೆಗೆದುಕೊಂಡವು, ರಿಮ್ಮಿನ ಮೇಲೂ ಟೈರಿನ ಒಳಗೂ ಉದುರಿಸಿದವು, ಬಲ ಮೊಣಕಾಲಿಗೆ ಒರೆಸಿಕೊಂಡವು.

ಅಷ್ಟು ನಗು ಬರುವಂಥದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಯಾರೂ ನಗಲಿಲ್ಲ. ತಂಗಿ ಗೋಡೆಯ ಕಡೆ ತಿರುಗಿಕೊಂಡಳು. ಅವನು ಹಳೆಯ ಟ್ಯೂಬನ್ನೇ ಎತ್ತಿ ಚಕ್ರಕ್ಕೆ ತುರುಕತೊಡಗಿದ.

ಏನಾದರೂ ಹೇಳಬೇಕಲ್ಲ ಎಂದು ನಾನೇ ಕೇಳಿದೆ: "ಹಾಗಾದ್ರೆ ಇದೆಲ್ಲ ಬೇಡ ಅಂತೀಯಾ? ಟ್ಯೂಬ್‌ಲೆಸ್ ಮಾಡಿಸೋದು ದಂಡ ಅಂತೀಯಾ?"

ಅವನು ತಲೆಯೆತ್ತದೆ ಪಂಪು ಹೊಡೆಯುತ್ತಲೇ ಹೇಳಿದ: "ಗಾಜಿನ ಅಂಗಡೀಲಿ ಧಾರಾಳವಾಗಿ ಮಾಡಿಸ್ಕೊಳ್ಳಿ ಭಾವ, ಒಳ್ಳೇದೇ. ಏನು ಚುಚ್ಚಿದ್ರೂ ದಾರೀಲಿ ನಿಲ್ಲೋ ಹಾಗಿರಲ್ಲ. ಇಲ್ಲಿ ನಿಂತು ನನಗೆ ಧೈರ್ಯ ಹೇಳೋ ರಗಳೆನಾದ್ರೂ ನಿಮಗೆ ತಪ್ಪತ್ತೆ."