ಹುಳುಮನೆಯ ಹೊರಗೆ ನಿಂತವನು

ರಾಮನಗರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದು ತರುತ್ತಿದ್ದ ದಿನಗಳು. ಯಾರಾದರೂ ದೇವರ ಪರ ನಿಂತರೆ ಸಾಕು, ವಿರೋಧಕ್ಕೆ ನಿಲ್ಲುವವಳು ನಾನು. ಮನೆ ಕನಕಪುರದ ಕಡೆಯ ಹಳ್ಳಿ. ಅಲ್ಲಿ ನಮ್ಮಂಥ ಕ್ರೈಸ್ತರ ಮನೆಗಳು ಕೆಲವೇ. ಅಪ್ಪ ತೀರಿಕೊಂಡ ಮೇಲೆ ಅವ್ವ ಮೊದಲ ಸಲ ಒಬ್ಬಳೇ ರೇಷ್ಮೆ ಹುಳು ಸಾಕಿದ್ದಳು. ಈ ಬೆಳೆ ಕೈಹಿಡಿದರೆ ಊರಲ್ಲೇ ಇರುವುದು, ಇಲ್ಲವಾದರೆ ತೋಟ ಗುತ್ತಿಗೆಗೆ ಕೊಟ್ಟು ಮಾವನ ಮನೆ ಸೇರುವುದು ಎಂದು ಮಾತಾಗಿತ್ತು.

ಹಣ್ಣಾದ, ಅಂದರೆ ನೂಲು ಬಿಡುವಷ್ಟು ಬಲಿತ ಹುಳು ಕಾಯುವುದಿಲ್ಲ. ಆಗಿಂದಾಗಲೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೆಯೇ ನೂಲು ಉಗುಳಿ ಹಾಳಾಗುತ್ತದೆ. ಅದಕ್ಕೇ ಮುಯ್ಯಾಳಿನ ಪದ್ಧತಿ: ಇವತ್ತು ನಿಮಗೆ ನಾವು, ನಾಳೆ ನಮಗೆ ನೀವು. ಆದರೆ ಆ ವರ್ಷ ಬಿಡದಿಯ ಫ್ಯಾಕ್ಟರಿ ಬಸ್ಸು ಊರಿನ ಹರೆಯದವರನ್ನೆಲ್ಲ ಬೆಳಗಾಗುತ್ತಲೇ ತುಂಬಿಕೊಂಡು ಹೋಗುತ್ತಿತ್ತು. ಉಳಿದವರಿಗೆ, ಗಂಡಸಿಲ್ಲದ ಮನೆ ಮುಯ್ಯಿ ತೀರಿಸೀತೆಂಬ ನಂಬಿಕೆಯಿಲ್ಲ. ಬೀದಿಯುದ್ದಕ್ಕೂ ಕರೆಯಲು ಹೋದ ಅವ್ವ ಒಬ್ಬಳೇ ವಾಪಸ್ಸು ಬಂದಳು.

ಬಂದದ್ದು ಉಪದೇಶಿ. ಪಾದ್ರಿ ಸ್ವಾಮಿಗಳು ಬಾರದ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವವನು, ಊರಿಗೆಲ್ಲ ಗೊತ್ತಿದ್ದ ಕುಡುಕ. ಹಿಂದಿನ ವಾರವಷ್ಟೇ ಚರ್ಚಿನಲ್ಲಿ ಎಲ್ಲರೆದುರು ಅವನನ್ನು ಕೇಳಿದ್ದೆ: ಕುಡಿದ ಬಾಯಿಂದ ಬರುವ ವಾಕ್ಯ ದೇವರದೋ, ಸಾರಾಯಿಯದೋ?

ಅವ್ವ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು. ಹುಳುವಿಗೆ ಘಾಟು ವಾಸನೆ ಆಗದು. ಬೀಡಿ ಸೇದಿದವರನ್ನೂ ಒಳಗೆ ಬಿಡುವುದಿಲ್ಲ.

"ಅಲ್ಲೇ ನಿಂತ್ಕೊ ಅಣ್ಣ. ಹುಳಕ್ಕೂ ಕುಡಿಸ್ಬುಟ್ಟೀಯ."

"ಸ್ವಾಮಿಗೋಳೇ ಚರ್ಚೊಳಕ್ಕೆ ಬುಡ್ತಾರೆ, ನಿನ್ನ ಹುಳ ಬುಡಾಕಿಲ್ವಲ್ಲವ್ವಾ!" ಎಂದು ನಕ್ಕ. ಆಮೇಲೆ, "ಹೊರಗಿನ್ ಕೆಲ್ಸ ಯೋಳು."

ಅವ್ವನೂ ನಾನೂ ಒಳಗೆ ಹುಳು ಆಯ್ದು ತುಂಬಿದೆವು. ಅವನು ತುಂಬಿದ ಚಂದ್ರಿಕೆಗಳನ್ನು ಹೊಸ್ತಿಲಿಂದ ಎತ್ತಿಕೊಂಡು ಹೋಗಿ ಚಪ್ಪರದ ನೆರಳಲ್ಲಿ ಓರೆಯಾಗಿ ನಿಲ್ಲಿಸುತ್ತಿದ್ದ, ಬಿಸಿಲು ಸರಿದಂತೆ ತಿರುಗಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕುಡಿಯದೆ ಅವನಿಗೆ ಮೈ ಕೆಟ್ಟಿತು. ಹಿತ್ತಲಿಗೆ ಹೋಗಿ ಕಾರಿಕೊಂಡು ಬಂದ. ಸಾರಾಯಿ ಅಂಗಡಿ ಕೂಗಳತೆಯಲ್ಲೇ ಇತ್ತು, ಹೋಗಲಿಲ್ಲ.

"ದೇವ್ರಿಗೆ ಕಳಿಸೋಕೆ ನೆಟ್ಟಗಿರೋ ಮನುಷ್ಯ ಒಬ್ಬನೂ ಸಿಗಲಿಲ್ವೇನವ್ವಾ?" ಎಂದು ನಾನು ಮೆಲ್ಲಗೆ ಕೇಳಿದೆ.

"ನೆಟ್ಟಗಿರೋರ ಮನೆಗೆಲ್ಲ ವೋಗ್ಬಂದೆ ಕಣೆ. ಮಾತಾಡ್ಬ್ಯಾಡ, ಹುಳ ಆಯಿ."

ಸಂಜೆಗೆ ಹುಳುವಿನ ತಟ್ಟೆಗಳು ಖಾಲಿಯಾದವು. ಅವ್ವ ಮುದ್ದೆ ಬಡಿಸುತ್ತೇನೆಂದಳು. "ಬ್ಯಾಡವ್ವ, ಬತ್ತೀನಿ" ಎಂದವನು ನೆಟ್ಟಗೆ ಅಂಗಡಿಯ ಕಡೆಗೇ ನಡೆದ. ಕುಡುಕ ಕುಡುಕನೇ ಎಂಬ ನನ್ನ ವಾದ ಗೆದ್ದಿತ್ತು, ಆದರೂ ಹೇಳಿಕೊಳ್ಳಲು ಮನಸ್ಸಾಗಲಿಲ್ಲ.

ಬೆಳೆ ಉಳಿಯಿತು, ನಾವೂ ಊರಲ್ಲೇ ಉಳಿದೆವು. ಕರೆದರೂ ಬಾರದಿದ್ದವರ ನಡುವೆಯೇ ಉಳಿದೆವು, ಒಂಟಿತನವೇನೂ ತಪ್ಪಲಿಲ್ಲ. ವರಪ್ರಸಾದವೆಂದರೆ ಅರ್ಹತೆ ನೋಡದೆ ದೇವರು ಕೊಡುವ ವರ ಎಂದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆ. ಪಡೆಯುವವರ ಅರ್ಹತೆ ಎಂದುಕೊಂಡಿದ್ದೆ. ತಂದುಕೊಡುವವನ ಅರ್ಹತೆಯನ್ನೂ ನೋಡುವುದಿಲ್ಲವೆಂದು ಯೋಚಿಸಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಮುಂದಿನ ಭಾನುವಾರ ಅವನು ತೊದಲುತ್ತಾ ವಾಕ್ಯ ಓದಿದಾಗ, ಮತ್ತೆ ಏನನ್ನುತ್ತಾಳೋ ಎಂದು ಅಕ್ಕಪಕ್ಕದವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಕೊನೆಯವರೆಗೂ ಕಿವಿಗೊಟ್ಟು ಕೇಳಿದೆ.